ಸೋತ ತಂಡದ ಹಳದಿ ಹಾಳೆ

(ಬೆಂಗಳೂರಿನಲ್ಲಿ ತರಬೇತುದಾರರು, ಪೋಷಕರು ಮತ್ತು ಕ್ರೀಡಾಸಕ್ತರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ಕಳೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ ಪುಸ್ತಕದಲ್ಲಿ ಸ್ಕೋರ್ ಶೀಟ್ ಬಗ್ಗೆಯೇ ಒಂದು ಭಾಗವಿದೆ. ಆಟಗಾರರು ಅದನ್ನು ಓದುವುದಿಲ್ಲ, ತರಬೇತುದಾರರೂ ಓದುವುದಿಲ್ಲ. ನನ್ನಂತೆ ಮೇಜಿನ ಹಿಂದೆ ಕುಳಿತು ಸ್ಕೋರ್ ಬರೆಯುವವರಿಗೆ ಮಾತ್ರ ಅದು ಬಾಯಿಪಾಠ. ಒಂದು ಮೂಲ, ಮೂರು ಪ್ರತಿ ಎನ್ನುತ್ತದೆ ನಿಯಮ. ಬಿಳಿ ಹಾಳೆ ಫಿಬಾಗೆ, ನೀಲಿ ಸಂಘಟಕರಿಗೆ, ಗುಲಾಬಿ ಗೆದ್ದ ತಂಡಕ್ಕೆ, ಹಳದಿ ಸೋತ ತಂಡಕ್ಕೆ. ಸೋತವರಿಗೆಂದೇ ಒಂದು ಬಣ್ಣವನ್ನು ಗೊತ್ತುಮಾಡಿದ ಪುಣ್ಯಾತ್ಮರು ಯಾರೋ ತಿಳಿಯದು. ಕಾಗದದ ಜಾಗಕ್ಕೆ ಈಗ ಕಂಪ್ಯೂಟರ್ ಬರುತ್ತಿದ್ದರೂ, ಸೋತ ತಂಡದವರು ಪಂದ್ಯ ಮುಗಿದ ಮೇಲೆ ಮಾಡುವ ಕೆಲಸ ಬದಲಾಗಿಲ್ಲ. ಹಾಳೆಯನ್ನು ಹಿಡಿದು, ಯಾರಿಂದ ಸೋತೆವು ಎಂದು ಬೆರಳಾಡಿಸುತ್ತಾರೆ.

ಆ ಹಾಳೆಯಲ್ಲಿ ಇರುವುದಾದರೂ ಏನು? ಯಾರು ಎಷ್ಟು ಪಾಯಿಂಟ್ ಗಳಿಸಿದರು, ಯಾರು ಎಷ್ಟು ಫೌಲ್ ಮಾಡಿದರು, ಟೈಮ್ ಔಟ್ ಯಾವಾಗ ಕೇಳಿದರು. ಅಷ್ಟೇ. ತಪ್ಪಿದ ಚೆಂಡನ್ನು ಹಿಡಿದ ರಿಬೌಂಡ್ ಇಲ್ಲ, ಪಾಯಿಂಟಿಗೆ ದಾರಿಮಾಡಿದ ಪಾಸ್, ಅಂದರೆ ಅಸಿಸ್ಟ್ ಇಲ್ಲ, ಎಷ್ಟು ಹೊಡೆತ ತಪ್ಪಿತು ಎಂಬ ಲೆಕ್ಕವಿಲ್ಲ, ಯಾರು ಯಾರನ್ನು ಕಾದರು, ಅಂದರೆ ಹೊಡೆಯದಂತೆ ತಡೆದು ನಿಂತರು, ಎಂಬುದಂತೂ ಇಲ್ಲವೇ ಇಲ್ಲ. ಹೀಗಾಗಿ ಮರುದಿನದ ಪತ್ರಿಕೆಯ ಮೂಲೆಯಲ್ಲಿ ಬರುವ ಸಾಲು ನಮಗೆಲ್ಲ ಗೊತ್ತಿರುವುದೇ: ಇಂಥವರ 24 ಪಾಯಿಂಟ್‌ಗಳ ಏಕಾಂಗಿ ಹೋರಾಟ ವ್ಯರ್ಥವಾಯಿತು.

ಈ ಸಾಲಿನ ಮೇಲೆ ನನಗೆ ಬಹಳ ವರ್ಷದ ಸಿಟ್ಟಿದೆ. ಸೋಲುತ್ತಲೇ ಇರುವ ತಂಡದಲ್ಲಿಯೂ ಯಾರಾದರೊಬ್ಬರು ಚೆಂಡನ್ನು ರಿಂಗಿಗೆ ಎಸೆಯಲೇಬೇಕು. 24 ಸೆಕೆಂಡಿನೊಳಗೆ ಹೊಡೆಯದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಆದ್ದರಿಂದ ಅಂಥ ತಂಡದ ಪಾಯಿಂಟ್ ಪಟ್ಟಿ, ಯಾರು ಚೆನ್ನಾಗಿ ಆಡಿದರು ಎಂಬುದಕ್ಕಿಂತ ಹೆಚ್ಚಾಗಿ, ಚೆಂಡು ಯಾರ ಕೈಗೆ ಬಂದು ನಿಂತಿತು ಎಂಬುದನ್ನು ತೋರಿಸುತ್ತದೆ. ಒಬ್ಬ ಆಟಗಾರನನ್ನು ಅಳೆಯಬೇಕಾದರೆ ಮೊದಲು ಅವನಿಗೆ ಒಪ್ಪಿಸಿದ ಕೆಲಸ ಯಾವುದು, ಆ ಹೊತ್ತಿನಲ್ಲಿ ಎದುರಿಗೆ ಯಾರಿದ್ದರು, ಜೊತೆಗೆ ಯಾರಿದ್ದರು ಎಂದು ಕೇಳಬೇಕು. ನಾನು ಇಲ್ಲಿ ಹೇಳಲು ಬಂದಿರುವುದು ಇಷ್ಟನ್ನೇ.

ದೊಡ್ಡ ಉದಾಹರಣೆಯಿಂದ ಶುರುಮಾಡುತ್ತೇನೆ. 2017ರ ಮಾರ್ಚ್ 24ರಂದು ಬಾಸ್ಟನ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಫೀನಿಕ್ಸ್ ಸನ್ಸ್ ತಂಡದ ಡೆವಿನ್ ಬುಕರ್ ಒಂದೇ ಪಂದ್ಯದಲ್ಲಿ 70 ಪಾಯಿಂಟ್ ಗಳಿಸಿದರು. ಆಗ ಅವರಿಗೆ ವಯಸ್ಸು 20. ಅವರ ತಂಡ 120–130ರಲ್ಲಿ ಸೋತಿತು. ಆ ಋತುವಿನ 82 ಪಂದ್ಯಗಳಲ್ಲಿ ಸನ್ಸ್ ಗೆದ್ದದ್ದು 24 ಮಾತ್ರ. ಈಗ ಲೆಕ್ಕ ನೋಡಿ. 40 ಹೊಡೆತಗಳಲ್ಲಿ 21 ಒಳಗೆ ಬಿದ್ದವು, ಅವುಗಳಲ್ಲಿ ನಾಲ್ಕು ಮೂರು ಪಾಯಿಂಟಿನವು. ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋ 26ರಲ್ಲಿ 24. ಕಣ್ಣುಮುಚ್ಚಿ ಎಸೆದ ಹುಡುಗನ ಲೆಕ್ಕ ಇದಲ್ಲ, ಯಾವ ಮಾನದಂಡದಲ್ಲಿ ನೋಡಿದರೂ ಉತ್ತಮ ದರ್ಜೆಯ ಹೊಡೆತಗಾರಿಕೆ. ಹಾಗಿದ್ದರೂ ಅಂದಿನ ಚರ್ಚೆ ಅವರ ಹೊಡೆತಗಳ ಸುತ್ತ ನಿಲ್ಲಲಿಲ್ಲ. ಮೊದಲಾರ್ಧದಲ್ಲಿ 19, ಎರಡನೆಯ ಅರ್ಧದಲ್ಲಿ 51. ಕೊನೆಯ ನಿಮಿಷಗಳಲ್ಲಿ, ಪಂದ್ಯ ಕೈತಪ್ಪಿದ ಮೇಲೆಯೂ, ಸನ್ಸ್ ತಂಡ ಬೇಕೆಂದೇ ಫೌಲ್ ಮಾಡಿತು, ಟೈಮ್ ಔಟ್ ತೆಗೆದುಕೊಂಡಿತು. ಗಡಿಯಾರ ನಿಲ್ಲಲಿ, ಚೆಂಡು ಮತ್ತೆ ಬುಕರ್ ಕೈಗೆ ಬರಲಿ ಎಂಬ ಲೆಕ್ಕಾಚಾರ. ಬಾಸ್ಟನ್ ಆಟಗಾರರು ಸಿಡಿಮಿಡಿಗೊಂಡರು.

ಹಾಗಾದರೆ ಆ 70 ಪಾಯಿಂಟ್ ಟೊಳ್ಳೇ? ಬುಕರ್‌ಗೆ ಅಂದು ಒಪ್ಪಿಸಿದ್ದ ಕೆಲಸ ಹೊಡೆಯುವುದು. ಅದನ್ನು ಅವರು ಅದ್ಭುತವಾಗಿ ಮಾಡಿದರು. 130 ಪಾಯಿಂಟ್ ಬಿಟ್ಟುಕೊಟ್ಟದ್ದು ಐವರ ರಕ್ಷಣೆ, ಅದರಲ್ಲಿ ಅವರ ಪಾಲೂ ಇದೆ. ಕೊನೆಯ ನಿಮಿಷಗಳ ನಾಟಕ ತರಬೇತುದಾರರ ಖಾತೆಗೆ ಹೋಗಬೇಕು. ಒಂದೇ ಸಂಖ್ಯೆಯನ್ನು ಹೀಗೆ ಮೂರು ಕಡೆ ಹಂಚಬೇಕಾಗುತ್ತದೆ. ನಾಲ್ಕು ವರ್ಷದ ನಂತರ, 2021ರಲ್ಲಿ, ಅದೇ ಬುಕರ್ ಅದೇ ತಂಡದೊಂದಿಗೆ ಎನ್‌ಬಿಎ ಫೈನಲ್ ಆಡಿದರು. ಆ ಹೊತ್ತಿಗೆ ಅವರ ಜೊತೆಗಿದ್ದವರು ಬೇರೆಯಾಗಿದ್ದರು.

ಇನ್ನು ನಮ್ಮೂರಿನ ಸಿಮೆಂಟ್ ಅಂಗಳಕ್ಕೆ ಬರೋಣ. ತಂಡದ ಹೆಸರು ಬೇಡ, ಸೋತವರ ಮಾನ ನಮ್ಮೆಲ್ಲರ ಮಾನ. ಕೆಳಗಿನ ದರ್ಜೆಯ ಲೀಗ್ ಪಂದ್ಯ, ಸಂಜೆಯ ದೀಪದ ಬೆಳಕಿನಲ್ಲಿ. ತಂಡ ವಾರಗಟ್ಟಲೆಯಿಂದ ಸೋಲುತ್ತಿತ್ತು. ಆ ದಿನ ಅಧಿಕೃತ ಮೇಜಿನಲ್ಲಿ ನಾನಿರಲಿಲ್ಲ. ತಂಡದ ಬೆಂಚಿನ ತುದಿಯಲ್ಲಿ ಗೆರೆ ಎಳೆದ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಫಲಿತಾಂಶ 58–71, ಹದಿಮೂರು ಪಾಯಿಂಟಿನ ಸೋಲು. ಹೆಸರಿನ ಬದಲು ಜೆರ್ಸಿ ನಂಬರ್ ಹೇಳುತ್ತೇನೆ.

7ನೇ ನಂಬರ್ 24 ಪಾಯಿಂಟ್. 12ನೇ ನಂಬರ್ ಕೇವಲ 4. ಕೊನೆಗೆ ಇಳಿದ 15ನೇ ನಂಬರ್ 8. ಪಂದ್ಯ ಮುಗಿದ ಮೇಲೆ ಪದಾಧಿಕಾರಿಯೊಬ್ಬರು ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಅಂಕಪಟ್ಟಿ ಹಾಕಿದರು. 7ಕ್ಕೆ ಹತ್ತಕ್ಕೆ ಎಂಟು, 15ಕ್ಕೆ ಏಳು, 12ಕ್ಕೆ ಮೂರು. ಎಸ್‌ಎಸ್‌ಎಲ್‌ಸಿ ನಮ್ಮ ರಕ್ತದಲ್ಲಿ ಇಳಿದುಹೋಗಿದೆ, ಏನು ಕಂಡರೂ ಮಾರ್ಕ್ಸ್ ಹಾಕುತ್ತೇವೆ. 12ನೇ ನಂಬರಿನ ಹುಡುಗ ಅದನ್ನು ನೋಡಿ ನನ್ನ ಹತ್ತಿರ ಬಂದು, “ನಿಜವೇ ಅಲ್ಲವೇ ಸರ್, ನಾನೇನು ಆಡಿದೆ, ನಾಲ್ಕೇ ಪಾಯಿಂಟ್” ಎಂದ. ನೋಟ್‌ಬುಕ್ ತೆರೆದು ತೋರಿಸಿದೆ.

ಪಂದ್ಯ 40 ನಿಮಿಷದ್ದು. 12ನೇ ನಂಬರ್ ಅಂಗಳದಲ್ಲಿದ್ದದ್ದು 24 ನಿಮಿಷ. ಆ 24 ನಿಮಿಷದಲ್ಲಿ ನಮ್ಮ ತಂಡ ಎದುರಾಳಿಗಿಂತ ಮೂರು ಪಾಯಿಂಟ್ ಹೆಚ್ಚು ಗಳಿಸಿತ್ತು. ಅವನು ಬೆಂಚಿನಲ್ಲಿದ್ದ 16 ನಿಮಿಷದಲ್ಲಿ ಹದಿನಾರು ಪಾಯಿಂಟ್ ಹಿಂದೆ ಬಿದ್ದೆವು. ಪ್ಲಸ್–ಮೈನಸ್ ಎನ್ನುವುದು ಇದನ್ನೇ. ಆಟಗಾರ ಅಂಗಳದಲ್ಲಿದ್ದಾಗ ತಂಡದ ಅಂತರ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಲೆಕ್ಕ. ಒಂದು ಪಂದ್ಯದ ಪ್ಲಸ್–ಮೈನಸ್ ಮೇಲೆ ಯಾರ ಭವಿಷ್ಯವನ್ನೂ ಬರೆಯಬಾರದು. ಜೊತೆಗಿದ್ದ ನಾಲ್ವರ ಪುಣ್ಯಪಾಪವೆಲ್ಲ ಒಬ್ಬನ ತಲೆಗೆ ಬಂದುಬಿಡುತ್ತದೆ. ಆದರೆ ಇಷ್ಟು ದೊಡ್ಡ ವ್ಯತ್ಯಾಸ ಕಂಡಾಗ ಯಾಕೆಂದು ಹುಡುಕದೆ ಬಿಡುವುದು ಸೋಮಾರಿತನ.

ಯಾಕೆಂದರೆ, ಎದುರಾಳಿಯ ಸೆಂಟರ್, ರಿಂಗಿನ ಬಳಿ ಆಡುವವನು, ನಮ್ಮ ಎಲ್ಲರಿಗಿಂತ ಒಂದು ತಲೆ ಎತ್ತರ. ಅವನನ್ನು ಕಾಯುವ ಕೆಲಸ 12ರದು. ಚೆಂಡು ರಿಂಗಿನತ್ತ ಹಾರಿದ ಕೂಡಲೇ ಉಳಿದೆಲ್ಲರ ಕಣ್ಣು ಮೇಲಕ್ಕೆ ಹೋಗುತ್ತದೆ. ಈ ಹುಡುಗ ಮಾತ್ರ ಚೆಂಡಿಗೆ ಬೆನ್ನು ಹಾಕಿದಂತೆ ಮೊದಲು ಆ ಎತ್ತರದವನನ್ನು ಹುಡುಕುತ್ತಾನೆ, ತಿರುಗಿ ತನ್ನ ಬೆನ್ನನ್ನು ಅವನ ಎದೆಗೆ ಒತ್ತುತ್ತಾನೆ, ಮಂಡಿ ಬಗ್ಗಿಸಿ ಕಾಲು ಅಗಲಿಸಿ ಕೂತುಬಿಡುತ್ತಾನೆ. ಹಿಂದಿನವನು ತಳ್ಳುತ್ತಾನೆ, ಇವನು ಅಲುಗುವುದಿಲ್ಲ. ಅಷ್ಟರಲ್ಲಿ ಪಕ್ಕದಿಂದ 9ನೇ ನಂಬರ್ ಹಾರಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಗ್ಯಾಲರಿಯಲ್ಲಿ ಚಪ್ಪಾಳೆ. 9ರ ಹೆಸರಿಗೆ ಅಂದು 11 ರಿಬೌಂಡ್, 12ರ ಹೆಸರಿಗೆ ಎರಡು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿದವನನ್ನು ಹೊಗಳಿ, ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದವನನ್ನು ಕೇಳದೆ ಬರುವ ಹಾಗೆ. ಆ ಎತ್ತರದ ಸೆಂಟರ್ ಗಳಿಸಿದ 19 ಪಾಯಿಂಟ್‌ಗಳಲ್ಲಿ 12ನೇ ನಂಬರ್ ಎದುರಿಗಿದ್ದಾಗ ಬಂದದ್ದು ಆರು. ಉಳಿದ ಹದಿಮೂರು ಇವನು ಬೆಂಚಿನಲ್ಲಿದ್ದಾಗ.

ಬೆಂಚಿಗೆ ಹೋದದ್ದಾದರೂ ಏಕೆ? ಮೂರನೆಯ ಕ್ವಾರ್ಟರಿನ ಆರಂಭದಲ್ಲೇ ನಾಲ್ಕು ಫೌಲ್ ಆಗಿತ್ತು, ಐದಾದರೆ ಮನೆ. ಅವುಗಳಲ್ಲಿ ಎರಡು ಫೌಲ್‌ಗಳನ್ನು ಮೊಬೈಲ್ ವಿಡಿಯೊದಲ್ಲಿ ಮತ್ತೆ ನೋಡಿದೆ. ಎರಡೂ ಸಲ ಚೆಂಡನ್ನು ಮುನ್ನಡೆಸುವ ನಮ್ಮ ಪಾಯಿಂಟ್ ಗಾರ್ಡ್, 5ನೇ ನಂಬರ್, ಮುಂದೆಯೇ ಸೋತು ಎದುರಾಳಿಯನ್ನು ಒಳಗೆ ಬಿಟ್ಟಿದ್ದ. 12ನೇ ನಂಬರ್ ತನ್ನವನನ್ನು ಬಿಟ್ಟು ಅಡ್ಡ ಬರಬೇಕಾಯಿತು, ಕೈ ತಗುಲಿತು, ಸೀಟಿ ಊದಿತು. ಹಾಳೆಯಲ್ಲಿ ಫೌಲ್ 12ರ ಮುಂದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತೇವಲ್ಲ, ಸ್ಕೋರ್ ಶೀಟ್ ಅದನ್ನು ಪ್ರತಿ ವಾರ ಮಾಡುತ್ತದೆ. 5ನೇ ನಂಬರಿನ ಹೆಸರಿಗೆ ಆರು ಅಸಿಸ್ಟ್ ಇತ್ತು, ವಾಟ್ಸ್‌ಆ್ಯಪ್‌ನಲ್ಲಿ ಅವನಿಗೆ ಹತ್ತಕ್ಕೆ ಏಳು ಬಂದಿತ್ತು. ಅವನು ಕಾಯಬೇಕಿದ್ದ ಹುಡುಗ ಗಳಿಸಿದ್ದು 21.

15ನೇ ನಂಬರ್ ವಿಷಯ ಬೇಗ ಮುಗಿಸುತ್ತೇನೆ. ಅವನು ಇಳಿದಾಗ ನಾಲ್ಕು ನಿಮಿಷ ಉಳಿದಿತ್ತು, ನಾವು 47–64ರಲ್ಲಿ ಹದಿನೇಳು ಹಿಂದಿದ್ದೆವು. ಎದುರಾಳಿ ತನ್ನ ಮುಖ್ಯ ಐವರನ್ನೂ ಕೂರಿಸಿ ನೀರು ಕುಡಿಸುತ್ತಿತ್ತು. ಅವರ ಎರಡನೆಯ ಸಾಲಿನ ಹುಡುಗರ ಮುಂದೆ ಇವನು ಎಂಟು ಪಾಯಿಂಟ್ ಗಳಿಸಿದ. ಒಳ್ಳೆಯದೇ, ಹುಡುಗನಿಗೆ ಧೈರ್ಯ ಬಂತು. ಅದನ್ನು 12ರ ಇಪ್ಪತ್ತನಾಲ್ಕು ನಿಮಿಷದ ಜೊತೆ ಒಂದೇ ತಕ್ಕಡಿಗೆ ಹಾಕುವುದು ಮಾತ್ರ ಅನ್ಯಾಯ.

7ನೇ ನಂಬರಿನ ವಿಷಯದಲ್ಲಿ ಅವಸರ ಬೇಡ. ನನ್ನ ಮಾತು ಕೇಳಿ ಅವನನ್ನು ಸ್ವಾರ್ಥಿ ಎಂದುಕೊಂಡವರು ಇಲ್ಲಿ ಆಗಲೇ ಇಬ್ಬರಾದರೂ ಇದ್ದೀರಿ, ಮುಖ ನೋಡಿದರೆ ತಿಳಿಯುತ್ತದೆ. 25 ಹೊಡೆತಗಳಲ್ಲಿ 9 ಒಳಗೆ. ಮೇಲ್ನೋಟಕ್ಕೆ ಕೆಟ್ಟ ಲೆಕ್ಕ. ಆದರೆ ನೋಟ್‌ಬುಕ್‌ನಲ್ಲಿ ಪ್ರತಿ ಹೊಡೆತದ ಪಕ್ಕ 24 ಸೆಕೆಂಡಿನ ಗಡಿಯಾರದಲ್ಲಿ ಎಷ್ಟು ಸೆಕೆಂಡ್ ಉಳಿದಿತ್ತು ಎಂದೂ ಬರೆದಿದ್ದೆ. ಅವುಗಳಲ್ಲಿ ಎಂಟು ಹೊಡೆತ ಕೊನೆಯ ಐದು ಸೆಕೆಂಡಿನವು. ಉಳಿದ ನಾಲ್ವರು ಚೆಂಡನ್ನು ಬಿಸಿ ಕೆಂಡದಂತೆ ಕೈಯಿಂದ ಕೈಗೆ ದಾಟಿಸಿ, ಹೊಡೆಯುವ ಧೈರ್ಯವಿಲ್ಲದೆ, ಕೊನೆಗೆ ಇವನ ಕೈಗೆ ತುರುಕಿದ್ದರು. ಆ ಎಂಟರಲ್ಲಿ ಬಿದ್ದದ್ದು ಒಂದು. ಉಳಿದ ಹದಿನೇಳರಲ್ಲಿ ಎಂಟು ಬಿದ್ದಿದ್ದವು, ಅದು ಯಾವ ತಂಡದಲ್ಲಿಯೂ ಒಪ್ಪುವ ಪ್ರಮಾಣ. ಇನ್ನೊಂದು ಸಂಗತಿಯೂ ಇದೆ. ಮೊದಲ ಕ್ವಾರ್ಟರಿನಲ್ಲಿ ಅವನದು ಏಳರಲ್ಲಿ ಒಂದು. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಬಸ್ಸಿನಲ್ಲಿ ಎರಡು ಗಂಟೆ ನಿಂತು ಬಂದು, ಉಳಿದವರ ವಾರ್ಮ್ ಅಪ್ ಮುಗಿಯುವ ಹೊತ್ತಿಗೆ ಷೂ ಕಟ್ಟಿಕೊಳ್ಳುತ್ತಿದ್ದ. ಬೆಂಗಳೂರಿನ ಲೀಗ್ ಪಂದ್ಯಗಳ ಮೊದಲ ಕ್ವಾರ್ಟರನ್ನು ಅರ್ಧಕ್ಕರ್ಧ ರಸ್ತೆಯೇ ಆಡುತ್ತದೆ. ಅದನ್ನು ಯಾವ ಹಾಳೆಯಲ್ಲಿ ಬರೆಯೋಣ?

ಆದರೂ ಅವನ ತಪ್ಪು ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಹೊಡೆತ ತಪ್ಪಿದಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟು ರೆಫರಿಯನ್ನು ನೋಡುತ್ತಾ ನಿಲ್ಲುತ್ತಿದ್ದ. ಅಷ್ಟರಲ್ಲಿ ಎದುರಾಳಿ ನಾಲ್ವರ ಮೇಲೆ ಐವರಾಗಿ ನಮ್ಮ ರಿಂಗ್ ಮುಟ್ಟಿರುತ್ತಿತ್ತು. ಹೊಡೆತ ತಪ್ಪುವುದು ಕೈಯ ವಿಷಯ, ಹಿಂದಕ್ಕೆ ಓಡದಿರುವುದು ಮನಸ್ಸಿನ ವಿಷಯ. ಆಟಗಾರನನ್ನು ಬೈಯಬೇಕಿದ್ದರೆ ಎರಡನೆಯದಕ್ಕೆ ಬೈಯಿರಿ.

ಅಂಕಿಅಂಶವೇ ಬೇಡ ಎಂದು ನಾನು ಹೇಳುತ್ತಿಲ್ಲ, ಅದರಿಂದಲೇ ನನ್ನ ಹವ್ಯಾಸ ನಡೆಯುವುದು. ಯಾವುದನ್ನು ಎಣಿಸಬೇಕು ಎಂಬುದು ಈ ಆಟಕ್ಕೆ ನಿಧಾನವಾಗಿ ತಿಳಿಯಿತು. ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದ್ದು 1891ರಲ್ಲಿ. ಎನ್‌ಬಿಎ ಹೊಡೆತವನ್ನು ಕೈಯಿಂದ ತಡೆದ ಬ್ಲಾಕ್ ಮತ್ತು ಚೆಂಡನ್ನು ಕಸಿದ ಸ್ಟೀಲ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1973–74ರ ಋತುವಿನಿಂದ, ಆಟಗಾರರು ಚೆಂಡು ಕಳೆದುಕೊಂಡ ಟರ್ನ್‌ಓವರ್‌ಗಳನ್ನು 1977–78ರಿಂದ. ಹನ್ನೊಂದು ಸಲ ಚಾಂಪಿಯನ್ ತಂಡದಲ್ಲಿದ್ದ ಬಿಲ್ ರಸೆಲ್, ರಕ್ಷಣೆಗೇ ಹೆಸರಾದವರು, ತಮ್ಮ ವೃತ್ತಿಜೀವನದಲ್ಲಿ ಎಷ್ಟು ಬ್ಲಾಕ್ ಮಾಡಿದರು ಎಂಬುದಕ್ಕೆ ಅಧಿಕೃತ ದಾಖಲೆಯೇ ಇಲ್ಲ. ಮುಂದೆ ಡೀನ್ ಆಲಿವರ್ ಎಂಬ ವಿಶ್ಲೇಷಕರು ತಂಡದ ಗೆಲುವು ಸೋಲನ್ನು ನಾಲ್ಕು ಅಂಶಗಳಿಗೆ ಇಳಿಸಿದರು. ಹೊಡೆತದ ಗುಣಮಟ್ಟಕ್ಕೆ ಸುಮಾರು ಶೇ 40, ಚೆಂಡು ಕಳೆದುಕೊಳ್ಳದಿರುವುದಕ್ಕೆ 25, ರಿಬೌಂಡ್‌ಗೆ 20, ಫ್ರೀ ಥ್ರೋಗೆ 15 ತೂಕ. ಸೋತ ಪಂದ್ಯದ ಮೇಲೆ ಮೊದಲು ಈ ನಾಲ್ಕನ್ನು ತಂಡದ ಮಟ್ಟದಲ್ಲಿ ನೋಡಿ, ಎಲ್ಲಿ ಸೋರಿತು ಎಂದು ತಿಳಿದ ಮೇಲೆಯೇ ಒಬ್ಬೊಬ್ಬರ ಕಡೆ ತಿರುಗುವುದು ಒಳ್ಳೆಯ ಪದ್ಧತಿ. ನಾವು ತಲೆಕೆಳಗಾಗಿ ಮಾಡುತ್ತೇವೆ, ಮೊದಲು ಬಲಿ, ಆಮೇಲೆ ತನಿಖೆ.

ಎಣಿಸಿದ್ದೂ ಸುಳ್ಳು ಹೇಳಬಹುದು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಪ್ರಸಂಗವೊಂದಿದೆ. 2018ರ ಮೇ 31, ಎನ್‌ಬಿಎ ಫೈನಲ್‌ನ ಮೊದಲ ಪಂದ್ಯ. ಕ್ಲೀವ್‌ಲ್ಯಾಂಡ್ ಪರ ಲೆಬ್ರಾನ್ ಜೇಮ್ಸ್ ಆ ರಾತ್ರಿ 51 ಪಾಯಿಂಟ್ ಗಳಿಸಿದ್ದರು. 107–107ರಲ್ಲಿ ಸಮ, ಐದು ಸೆಕೆಂಡೂ ಉಳಿದಿಲ್ಲ. ಜಾರ್ಜ್ ಹಿಲ್ ಅವರ ಎರಡನೆಯ ಫ್ರೀ ಥ್ರೋ ತಪ್ಪಿತು. ಅವರದೇ ತಂಡದ ಜೆ.ಆರ್. ಸ್ಮಿತ್ ಹಾರಿ ಚೆಂಡನ್ನು ಹಿಡಿದರು. ರಿಂಗಿನ ಅಡಿಯಲ್ಲೇ ಇದ್ದವರು ಹೊಡೆಯುವ ಬದಲು ಚೆಂಡನ್ನು ಅರ್ಧ ಗೆರೆಯ ಕಡೆಗೆ ತೆಗೆದುಕೊಂಡು ಓಡಿದರು. ಲೆಬ್ರಾನ್ ಎರಡೂ ಕೈ ಚಾಚಿ ರಿಂಗಿನತ್ತ ತೋರಿಸುತ್ತಾ ನಿಂತ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಸಮಯ ಮುಗಿಯಿತು, ಹೆಚ್ಚುವರಿ ಅವಧಿಯಲ್ಲಿ ಗೋಲ್ಡನ್ ಸ್ಟೇಟ್ 124–114ರಲ್ಲಿ ಗೆದ್ದಿತು. ಈ ಪ್ರಸಂಗ ಅಂಕಿಅಂಶದಲ್ಲಿ ಹೇಗೆ ದಾಖಲಾಗುತ್ತದೆ ಗೊತ್ತೇ? ಸ್ಮಿತ್ ಹೆಸರಿಗೆ ಒಂದು ಆಕ್ರಮಣದ ರಿಬೌಂಡ್, ಅಂದರೆ ಮೆಚ್ಚುಗೆ! ಹಿಲ್ ಹೆಸರಿಗೆ ತಪ್ಪಿದ ಫ್ರೀ ಥ್ರೋ. ಹೊಡೆಯದೆ ಉಳಿದದ್ದಕ್ಕೆ ಕಾಲಂ ಇಲ್ಲ. ನ್ಯಾಯವಾಗಿ ಇನ್ನೂ ಒಂದು ಮಾತು ಸೇರಿಸಬೇಕು. ಅಷ್ಟು ಜನ ದೈತ್ಯರ ನಡುವೆ ಆ ಚೆಂಡನ್ನು ಹಿಡಿದದ್ದು ಸಣ್ಣ ಕೆಲಸವಲ್ಲ. ಅವರು ಹಿಡಿಯದಿದ್ದರೆ ನಗುವುದಕ್ಕೆ ನಮಗೆ ವಸ್ತುವೇ ಇರುತ್ತಿರಲಿಲ್ಲ.

ಈಗ ಸೋಲುವ ತಂಡದ ನಿಜವಾದ ಒಗಟಿಗೆ ಬರುತ್ತೇನೆ. ಕೆಟ್ಟ ತಂಡದಲ್ಲಿ ಒಳ್ಳೆಯ ಸಂಖ್ಯೆ ಗಳಿಸಿದವನನ್ನು ನಂಬಬೇಕೋ ಬೇಡವೋ?

ಫಿಲಡೆಲ್ಫಿಯಾ 76ರ್ಸ್ ತಂಡದ ಮೈಕೆಲ್ ಕಾರ್ಟರ್-ವಿಲಿಯಮ್ಸ್ 2013–14ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಪಂದ್ಯಕ್ಕೆ ಸರಾಸರಿ 16.7 ಪಾಯಿಂಟ್, ಆರರ ಮೇಲೆ ರಿಬೌಂಡ್, ಆರರ ಮೇಲೆ ಅಸಿಸ್ಟ್. ಮೊದಲ ಪಂದ್ಯದಲ್ಲೇ 22 ಪಾಯಿಂಟ್, 12 ಅಸಿಸ್ಟ್, 9 ಸ್ಟೀಲ್. ಆ ತಂಡ ಗೆದ್ದದ್ದು 19, ಸೋತದ್ದು 63, ನಡುವೆ ಸತತ 26 ಸೋಲು. ತಂಡ ಓಡೋಡಿ ಆಡುತ್ತಿತ್ತು. ಹೆಚ್ಚು ಓಡಿದಷ್ಟೂ ಚೆಂಡು ಹೆಚ್ಚು ಸಲ ಕೈಗೆ ಬರುತ್ತದೆ, ಎಲ್ಲರ ಸಂಖ್ಯೆಯೂ ಉಬ್ಬುತ್ತದೆ. ಅವರ ಹೊಡೆತದ ಪ್ರಮಾಣವನ್ನು ನೋಡಿದವರಿಗೆ ಆಗಲೇ ಅನುಮಾನವಿತ್ತು, ದೂರದಿಂದ ಹೊಡೆದರೆ ನಾಲ್ಕರಲ್ಲಿ ಒಂದರ ಆಸುಪಾಸು. 2015ರ ಫೆಬ್ರುವರಿಯಲ್ಲಿ ತಂಡವೇ ಅವರನ್ನು ಬಿಟ್ಟುಕೊಟ್ಟಿತು. ಆ ಮೊದಲ ವರ್ಷದ ಎತ್ತರವನ್ನು ಅವರು ಮತ್ತೆ ಮುಟ್ಟಲಿಲ್ಲ.

ಇನ್ನೊಂದು ಕಡೆ ಡೆಟ್ರಾಯಿಟ್ ಪಿಸ್ಟನ್ಸ್, 2023–24. ಒಂದೇ ಋತುವಿನಲ್ಲಿ ಸತತ 28 ಸೋಲು, ಎನ್‌ಬಿಎ ಇತಿಹಾಸದಲ್ಲಿ ಅದುವರೆಗೆ ಯಾರೂ ಕಾಣದ್ದು. 27ನೆಯ ಸೋಲಿನ ರಾತ್ರಿ ಕೇಡ್ ಕನಿಂಗ್‌ಹ್ಯಾಮ್ 41 ಪಾಯಿಂಟ್ ಗಳಿಸಿದರು, ಅದರಲ್ಲಿ 37 ಎರಡನೆಯ ಅರ್ಧದಲ್ಲಿ. ಏಕಾಂಗಿ ಹೋರಾಟ ವ್ಯರ್ಥ ಎಂದು ಬರೆಯಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಆ ಋತು 14 ಗೆಲುವು, 68 ಸೋಲಿನೊಂದಿಗೆ ಮುಗಿಯಿತು. ಅವರೂ ಟೊಳ್ಳು ಎಂದವರು ಕಡಿಮೆಯೇನಿರಲಿಲ್ಲ. ಮರುವರ್ಷ ತರಬೇತುದಾರರು ಬದಲಾದರು, ಸುತ್ತ ದೂರದಿಂದ ಹೊಡೆಯಬಲ್ಲ ಅನುಭವಿಗಳು ಬಂದರು. ಕನಿಂಗ್‌ಹ್ಯಾಮ್ ಅಲ್ಲೇ ಇದ್ದರು. ತಂಡ 44 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಅವರ ಸರಾಸರಿ ಪಾಯಿಂಟ್ ಸುಮಾರು 23ರಿಂದ 26ಕ್ಕೆ, ಅಸಿಸ್ಟ್ ಏಳೂವರೆಯಿಂದ ಒಂಬತ್ತಕ್ಕೆ ಏರಿತು. ಅವರು ಕೊಟ್ಟ ಪಾಸ್‌ಗಳು ಮೊದಲೂ ಒಳ್ಳೆಯವೇ ಆಗಿದ್ದವು ಎಂದು ನನ್ನ ಅಂದಾಜು. ಹಿಡಿದವರು ಹೊಡೆದರೆ ತಾನೇ ಅದು ಅಸಿಸ್ಟ್ ಆಗುವುದು?

ಕಾಗದದ ಮೇಲೆ ಈ ಇಬ್ಬರೂ ಒಂದು ಕಾಲಕ್ಕೆ ಅಕ್ಕಪಕ್ಕದವರು. ಒಬ್ಬರ ಕೌಶಲ ಜೊತೆಗಾರರು ಬದಲಾದಾಗ ಬೆಳೆಯಿತು, ಇನ್ನೊಬ್ಬರದು ತಂಡ ಬದಲಾದಾಗ ಕರಗಿತು. ಅದಕ್ಕೇ ನಾನು ಸೋಲುವ ತಂಡದ ಆಟಗಾರನನ್ನು ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವನನ್ನು ಒಳ್ಳೆಯ ತಂಡಕ್ಕೆ ಹಾಕಿ ಅರ್ಧದಷ್ಟೇ ಚೆಂಡು ಕೊಟ್ಟರೆ, ಇವನು ಮಾಡುವ ಯಾವ ಕೆಲಸ ಅಲ್ಲೂ ಬೇಕಾಗುತ್ತದೆ? ನಮ್ಮ 12ನೇ ನಂಬರಿಗೆ ಉತ್ತರ ಸುಲಭ, ಎತ್ತರದವನನ್ನು ಕಾಯುವ ಕೆಲಸ ಅಲ್ಲೂ ಬೇಕು. ಎನ್‌ಬಿಎಯಲ್ಲಿ ಶೇನ್ ಬ್ಯಾಟಿಯರ್ ಎಂಬ ಆಟಗಾರ ಇದೇ ಬಗೆಯವರು. ಸಂಖ್ಯೆ ಸಾಧಾರಣ, ಆದರೆ ಅವರಿದ್ದಾಗ ತಂಡ ಚೆನ್ನಾಗಿ ಆಡುತ್ತಿತ್ತು. ಕೋಬಿ ಬ್ರಯಂಟ್ ಅವರಂಥ ದೊಡ್ಡ ಹೊಡೆತಗಾರರನ್ನು ಕಾಯುವಾಗ, ಅವರಿಗೆ ಯಾವ ಜಾಗದಿಂದ ಹೊಡೆತ ಕೂಡಿಬರುವುದಿಲ್ಲವೋ ಅಲ್ಲಿಗೇ ದಬ್ಬಿ, ಕಣ್ಣಿಗೆ ಅಡ್ಡ ಕೈ ಹಿಡಿಯುತ್ತಿದ್ದರು.

ಎದುರಾಳಿ ಯಾರು ಎಂಬ ಪ್ರಶ್ನೆಗೆ ನಮ್ಮೂರಲ್ಲೇ ಸಾಕ್ಷಿ ಇದೆ. 2017ರ ಜುಲೈನಲ್ಲಿ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್ ಬೆಂಗಳೂರಿನಲ್ಲಿ ನಡೆಯಿತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಲ್ಲಿ ಮಣಿಸಿ ಮೇಲಿನ ದರ್ಜೆಗೆ ಏರಿತು. 2019ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬೆಂಗಳೂರು, ಕಂಠೀರವ ಒಳಾಂಗಣ ಕ್ರೀಡಾಂಗಣ. ಈ ಸಲ ಎದುರಿಗೆ ಜಪಾನ್, ದಕ್ಷಿಣ ಕೊರಿಯಾದಂಥವರು. ಜಪಾನ್ ಫೈನಲ್‌ನಲ್ಲಿ ಚೀನಾವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು, ನಮ್ಮವರಿಗೆ ಎಂಟು ತಂಡಗಳಲ್ಲಿ ಕೊನೆಯ ಸ್ಥಾನ. ಎರಡು ವರ್ಷದಲ್ಲಿ ನಮ್ಮ ಹುಡುಗಿಯರು ಆಟ ಮರೆತರೇ? ಮೇಲಿನ ಮೆಟ್ಟಿಲಿಗೆ ಹೋದವರಿಗೆ ಮೇಲಿನವರ ಏಟು ಬಿತ್ತು. ಜಪಾನ್ ತಂಡದ ಎದುರು ಎಂಟು ಪಾಯಿಂಟ್ ಗಳಿಸಿದ ಹುಡುಗಿಗೂ, ತನಗಿಂತ ದುರ್ಬಲ ತಂಡದ ಎದುರು ಇಪ್ಪತ್ತು ಗಳಿಸಿದ ಹುಡುಗಿಗೂ ಒಂದೇ ಅಳತೆಗೋಲು ಹಿಡಿದರೆ ಮೇಲಿನ ಮೆಟ್ಟಿಲು ಹತ್ತುವ ಆಸೆಯೇ ಯಾರಿಗೂ ಉಳಿಯುವುದಿಲ್ಲ.

ಕೊನೆಯದಾಗಿ ತರಬೇತುದಾರರ ಬಗ್ಗೆ. ಆಟಗಾರರಿಗೆ ಮಾರ್ಕ್ಸ್ ಹಾಕುವ ಪಟ್ಟಿಯಲ್ಲಿ ತರಬೇತುದಾರರ ಹೆಸರು, ತಂಡ ಆರಿಸಿದವರ ಹೆಸರು ಯಾಕೆ ಇರುವುದಿಲ್ಲ? ಆ ಸಂಜೆ 12ನೇ ನಂಬರಿಗೆ ಬದಲಿಯಾಗಿ ಇಳಿದವನು ಅವನಿಗಿಂತ ನಾಲ್ಕು ಇಂಚು ಕುಳ್ಳ. ಎತ್ತರದ ಇನ್ನೊಬ್ಬ ಹುಡುಗನನ್ನು ತಂಡಕ್ಕೆ ಸೇರಿಸಿಯೇ ಇರಲಿಲ್ಲ. ಅದು ಋತುವಿನ ಮೊದಲೇ ಆದ ಸೋಲು. 5ನೇ ನಂಬರ್ ಮುಂದೆ ಸೋಲುತ್ತಿದ್ದುದು ಎರಡನೆಯ ಕ್ವಾರ್ಟರಿನಲ್ಲೇ ಎಲ್ಲರಿಗೂ ಕಂಡಿತ್ತು. ಕಾಯುವವನನ್ನು ಬದಲಿಸಿದ್ದು ನಾಲ್ಕನೆಯದರಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿರುವಾಗ ನೊಗದ ಮೇಲೆ ಕೈಯಿಟ್ಟವರು ಎಲ್ಲಿದ್ದರು ಎಂದು ಕೇಳಬೇಡವೇ?

ಇನ್ನು ಪ್ರಶ್ನೆಗಳು.

ತಾಯಿಯೊಬ್ಬರು ಕೇಳಿದರು: “ನನ್ನ ಮಗಳ ತಂಡ ಪ್ರತಿ ವಾರ ಸೋಲುತ್ತದೆ ಸರ್. ಅವಳದು ಎರಡೋ ನಾಲ್ಕೋ ಪಾಯಿಂಟ್. ಬಿಟ್ಟುಬಿಡುತ್ತೇನೆ ಎನ್ನುತ್ತಾಳೆ. ಮನೆಗೆ ಬಂದಾಗ ನಾನು ಏನು ಕೇಳಲಿ?”

ಮೇಡಂ, ಎಷ್ಟು ಪಾಯಿಂಟ್ ಎಂದು ಮಾತ್ರ ಕೇಳಬೇಡಿ. ಇವತ್ತು ಯಾರನ್ನು ಕಾಯುತ್ತಿದ್ದೆ ಎಂದು ಕೇಳಿ. ಅವಳು ಯಾವ ಕೈಯಲ್ಲಿ ಡ್ರಿಬಲ್ ಮಾಡುತ್ತಾಳೆ, ಎಲ್ಲಿಂದ ಹೊಡೆಯಲು ಇಷ್ಟಪಡುತ್ತಾಳೆ ಎಂದು ಕೇಳಿ. ಉತ್ತರ ಬಂದರೆ ಮಗಳು ಆಟವನ್ನು ಓದುತ್ತಿದ್ದಾಳೆ ಎಂದೇ ಅರ್ಥ. ಮುಂದಿನ ಪಂದ್ಯಕ್ಕೆ ನೀವೂ ಹೋಗಿ. ಒಂದು ಕ್ವಾರ್ಟರ್ ಪೂರ್ತಿ ಚೆಂಡನ್ನು ನೋಡದೆ ಮಗಳನ್ನು ಮಾತ್ರ ನೋಡಿ. ಚೆಂಡು ಎದುರಾಳಿಗೆ ಹೋದ ಕ್ಷಣ ಅವಳು ಎಷ್ಟು ಬೇಗ ತಿರುಗಿ ಓಡಿದಳು ಎಂದು ಗಮನಿಸಿ. ಮೊದಲ ಎರಡು ನಿಮಿಷ ಕಷ್ಟವಾಗುತ್ತದೆ, ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತದೆ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು, ಬಹುಶಃ ಹಿಂದೆ ಆಡಿದವರು, ಎದ್ದು ನಿಂತರು: “ಇಷ್ಟೆಲ್ಲ ಹೇಳಿದಿರಿ ಸ್ವಾಮಿ. ಆ 7ನೇ ನಂಬರನ್ನು ಮುಂದಿನ ಪಂದ್ಯದಿಂದ ಕೈಬಿಡಬೇಕೋ ಬೇಡವೋ, ಅದನ್ನು ಹೇಳಿ.”

ಕೈಬಿಡಬಾರದು. ಅವನ 25 ಹೊಡೆತಗಳನ್ನು 17ಕ್ಕೆ ಇಳಿಸಬೇಕು. ಉಳಿದ ಎಂಟನ್ನು ಯಾರು ಹೊಡೆಯಬೇಕು, ಗಡಿಯಾರದಲ್ಲಿ ಎಷ್ಟು ಸೆಕೆಂಡ್ ಇರುವಾಗ ಹೊಡೆಯಬೇಕು ಎಂದು ತರಬೇತುದಾರರು ಪಂದ್ಯಕ್ಕೆ ಮೊದಲೇ ಹೆಸರು ಹಿಡಿದು ಹೇಳಬೇಕು, ತಪ್ಪಿದರೆ ಬೈಯುವುದಿಲ್ಲ ಎಂದೂ ಹೇಳಬೇಕು. ಮೊದಲ ಐದು ನಿಮಿಷ ಅವನನ್ನು ಬೆಂಚಿನಲ್ಲಿ ಕೂರಿಸಿ, ಮೈ ಬಿಸಿಯಾದ ಮೇಲೆ ಇಳಿಸಬೇಕು. ಹಿಂದಕ್ಕೆ ಓಡದಿದ್ದರೆ ಆ ಕ್ಷಣವೇ ಹೊರಗೆ ಕರೆಯಬೇಕು, 24 ಗಳಿಸಿರಲಿ, 40 ಗಳಿಸಿರಲಿ. 12ನೇ ನಂಬರಿಗೆ ಎತ್ತರದ ಬದಲಿ ಹುಡುಕುವುದು ಪದಾಧಿಕಾರಿಗಳ ಪಾಲಿನ ಕೆಲಸ. ಅಲ್ಲಿಯವರೆಗೆ 5ನೇ ನಂಬರಿನ ಮುಂದೆ ಎದುರಾಳಿಯ ವೇಗದ ಹುಡುಗನನ್ನು ನಿಲ್ಲಿಸಬೇಡಿ, 12ರ ಫೌಲ್‌ಗಳಲ್ಲಿ ಎರಡಾದರೂ ಅಲ್ಲೇ ತಪ್ಪುತ್ತವೆ.